ನಿದಾನದಲ್ಲಿ ನಿಧಾನ ಸಲ್ಲದು: ಮಲೇರಿಯಾದ ಶೀಘ್ರ ಪರೀಕ್ಷೆ

‘ನಿದಾನ’ ಎಂಬ ಸಂಸ್ಕೃತ ಶಬ್ದಕ್ಕೆ ಮೂಲಕಾರಣವೆಂದು ಅರ್ಥ. ರೋಗದ ಕಾರಣವನ್ನು ಶೋಧಿಸಿ, ಅದು ಇಂಥದೇ ರೋಗವೆಂದು ನಿಶ್ಚಯಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿ ಈ ಹೆಸರು ಸಲ್ಲುತ್ತದೆ. ಮಾಧವಕರನ ಗ್ರಂಥವು ‘ಮಾಧವನಿದಾನ’ವೆಂದು ಪ್ರಸಿದ್ಧವಾದುದು ಇದರಿಂದಲೇ. ‘ನಿಧಾನ’ವಾದರೋ ಮಹಾಪ್ರಾಣವುಳ್ಳ ಬೇರೊಂದು ಶಬ್ದ. ಸಂಸ್ಕೃತದಲ್ಲಿ ಅದಕ್ಕೆ ನಿಧಿ ಎಂಬ ಅರ್ಥವಿದ್ದರೂ ಕನ್ನಡದ ರೂಢಿಯಲ್ಲಿ ಸಾವಕಾಶ, ತಡ ಎಂಬ ಅರ್ಥವೇ ನಿಂತಿದೆ. ಉತ್ತರಪತ್ರಿಕೆಗಳಲ್ಲಿ ಇವೆರಡು ಶಬ್ದಗಳು ಒಂದರ ಪೀಠದಲ್ಲಿ ಮತ್ತೊಂದು ಕುಳಿತಿರುವುದನ್ನು ನಾನು ಪ್ರತಿವರ್ಷವೂ ತಿದ್ದುತ್ತ ಬಂದಿದ್ದೇನೆ. ಆದರೆ ಒಂದು ರೋಗದ ಚರಿತ್ರೆಯಲ್ಲಿ ಮಾತ್ರ ಇವೆರಡೂ ಬಹುಕಾಲ ನಿಜವಾಗಿಯೇ ಜೊತೆಗೂಡಿದ್ದವು. ಆ ರೋಗವೇ ಮಲೇರಿಯಾ. ಅದರ ನಿದಾನವು ಬಹಳ ನಿಧಾನವಾಗಿ ಆಗುತ್ತಿತ್ತು. ಆ ನಿಧಾನದೊಳಗೆ ಅನೇಕ ಜೀವಗಳು ಹೋಗುತ್ತಿದ್ದವು.

ಭಾಷಾಪಂಡಿತನು ವೈದ್ಯವಿಷಯವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಮ್ಮ ಪ್ರಸಾದನಿಲಯದ ಒಬ್ಬ ವಿದ್ಯಾರ್ಥಿಯ ಜ್ವರವೇ ಇದಕ್ಕೆ ಕಾರಣ. ಆ ಪ್ರಸಂಗವನ್ನು ಮುಂದೆ ನಿವೇದಿಸುತ್ತೇನೆ. ಆ ಜ್ವರದ ಹೆಸರನ್ನು ಹೇಳಿದ ಚಿಕ್ಕದೊಂದು ಪರೀಕ್ಷಾಪಟ್ಟಿಯು ಹೇಗೆ ಕೆಲಸ ಮಾಡುತ್ತದೆ, ಅದನ್ನು ಎಲ್ಲಿಯವರೆಗೆ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಹಳೆಯ ಪಿಡುಗು

ಬಿಟ್ಟುಬಿಟ್ಟು ಬರುವ ಜ್ವರವನ್ನು ಆಯುರ್ವೇದವು ವಿಷಮಜ್ವರವೆಂದು ಕರೆದು, ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಐದು ಬಗೆಯಾಗಿ ವಿಭಾಗಿಸಿದೆ. ದಿನ ಬಿಟ್ಟು ದಿನ ಬರುವ ತೃತೀಯಕವೂ ಎರಡು ದಿನ ಬಿಟ್ಟು ಬರುವ ಚತುರ್ಥಕವೂ ಇಂದಿನ ವೈದ್ಯರು ವರ್ಣಿಸುವ ಮಲೇರಿಯಾದ ಲಕ್ಷಣಗಳಿಗೆ ಬಹುಮಟ್ಟಿಗೆ ಹೊಂದುತ್ತವೆ. ನಮ್ಮ ಜನರು ಇದನ್ನು ಚಳಿಜ್ವರವೆಂದರು. ಜ್ವರವು ಮರುಕಳಿಸಿದಂತೆಲ್ಲ ಹೊಟ್ಟೆಯ ಎಡಭಾಗದಲ್ಲಿ ಊದಿಕೊಳ್ಳುವ ಗುಲ್ಮವನ್ನು ಜ್ವರಗಡ್ಡೆಯೆಂದರು. ಎರಡು ಕೌದಿ ಹೊದಿಸಿದರೂ ನಿಲ್ಲದ ನಡುಕ, ಆ ಬಳಿಕ ಮೈಸುಡುವ ತಾಪ, ಕಡೆಗೆ ಬೆವರಿಳಿದು ಮೈ ಹಗುರಾಗುವುದು, ಮತ್ತೆ ಒಂದು ದಿನ ಬಿಟ್ಟು ಅದೇ ಸರದಿ: ಇದು ನಮ್ಮ ಹಿರಿಯರೆಲ್ಲರೂ ಬಲ್ಲ ಕಥೆ.

ಇಟಲಿಯ ಜನರು ಈ ರೋಗವು ಕೆಟ್ಟ ಗಾಳಿಯಿಂದ ಬರುತ್ತದೆಂದು ಭಾವಿಸಿದ್ದರು. ‘ಮಲೇರಿಯಾ’ ಎಂಬುದರ ಅರ್ಥವೇ ದುರ್ವಾಯು. ೧೮೮೦ರಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಎಂಬಾತನು ಅಲ್ಜೀರಿಯಾ ದೇಶದಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಸಜೀವ ಪರೋಪಜೀವಿಯನ್ನು ಕಂಡನು. ಅಲ್ಲಿಗೆ ದುರ್ವಾಯುವಿನ ಅಪವಾದವು ತೊಲಗಿತು. ೧೮೯೫ರಿಂದ ಕೆಲಕಾಲ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೋನಾಲ್ಡ್ ರಾಸ್ ಎಂಬ ವೈದ್ಯನು ೧೮೯೭ನೆಯ ಇಸವಿ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಅದೇ ಪರೋಪಜೀವಿಯನ್ನು ಕಂಡುಹಿಡಿದನು. ರೋಗವನ್ನು ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣುಸೊಳ್ಳೆಯೆಂಬುದು ಹೀಗೆ ಸ್ಥಿರಪಟ್ಟಿತು.

ಶಿಗ್ಗಾಂವ, ಹಾನಗಲ್ಲ ತಾಲೂಕುಗಳು ಬಯಲುಸೀಮೆಯೂ ಮಲೆನಾಡೂ ಕೈಕೂಡಿಸುವ ಸ್ಥಳ. ಕೆರೆ, ಹಳ್ಳ, ಬತ್ತದ ಗದ್ದೆಗಳಿಗೆ ಇಲ್ಲಿ ಕೊರತೆಯಿಲ್ಲ. ಮೆಲ್ಲಗೆ ಹರಿಯುವ ಹಳ್ಳದ ತಿಳಿನೀರಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಗೆ ಪಶ್ಚಿಮದ ಕಾಡಂಚು ತವರು. ಬಯಲಿನಲ್ಲಿ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬುದರ ಆಳಿಕೆ. ಈಗ ಹಾವೇರಿ ಜಿಲ್ಲೆಯಲ್ಲಿರುವ ನಮ್ಮ ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ಧಾರವಾಡ ಹಾಗೂ ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗ, ಹಳ್ಳಿಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ತಡೆಯುವ ಮಹಾಪ್ರಯೋಗವು ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಇಲ್ಲಿಯೇ ನಡೆಯಿತು. ಅವರೂ ಟಿ. ರಾಮಚಂದ್ರ ರಾವ್ ಅವರೂ ಮೊದಲ ವರ್ಷದ ಫಲಿತಾಂಶವನ್ನು ೧೯೪೭ರಲ್ಲಿ ಪ್ರಕಟಿಸಿದರು. ಇಡೀ ದೇಶದಲ್ಲಿ ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಪ್ರಯೋಗಗಳೇ ಧೈರ್ಯ ತುಂಬಿದವು. ಭಾರತ ಸ್ವತಂತ್ರವಾದಾಗ ವರ್ಷಕ್ಕೆ ಸುಮಾರು ೭.೫ ಕೋಟಿ ಜನರು ಈ ಜ್ವರಕ್ಕೆ ತುತ್ತಾಗಿ ಸುಮಾರು ೮ ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜು. ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಸುಮಾರಿಗೆ ಇಳಿಯಿತು. ಗೆದ್ದೆವೆಂದು ಮೈಮರೆತೆವು, ೧೯೭೬ರಲ್ಲಿ ಅದು ಮತ್ತೆ ೬೪ ಲಕ್ಷವನ್ನು ಮೀರಿತು.

ಗಾಜುಪಟ್ಟಿಯ ಕಾಲ

ಆ ಪುನರಾಗಮನದ ವರ್ಷಗಳಲ್ಲಿ ನಾನು ಬಾಲಕ. ಹದಿನೈದು ದಿನಕ್ಕೊಮ್ಮೆ ಮಲೇರಿಯಾ ಕಾರ್ಯಕರ್ತನು ಮನೆಗೆ ಬಂದು, ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿ, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದನು. ಜ್ವರವಿದ್ದವರ ಬೆರಳನ್ನು ಸೂಜಿಯಿಂದ ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಕ್ಲೋರೋಕ್ವಿನ್ ಗುಳಿಗೆಗಳನ್ನು ಆಗಲೇ ನುಂಗಿಸುತ್ತಿದ್ದನು. ಔಷಧ ಸಿಂಪಡಿಸಲು ಬಂದವರು ಹೋದ ಮಾರನೆಯ ದಿನವೇ ನಮ್ಮ ಅಜ್ಜಿಯು ಗೋಡೆಯ ಬಿಳಿ ಕಲೆಗಳು ಅಂದಗೆಡಿಸುತ್ತವೆಂದು ಕೆಮ್ಮಣ್ಣು ಸಾರಿಸಿಬಿಡುತ್ತಿದ್ದಳು. ಸರಕಾರವು ಹಚ್ಚಿದ್ದನ್ನು ನಾವು ಅಳಿಸುತ್ತಿದ್ದೆವೆಂಬ ಅರಿವು ಅವಳಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಆ ಗಾಜುಪಟ್ಟಿಯು ತಾಲೂಕಿನ ಪ್ರಯೋಗಾಲಯವನ್ನು ಸೇರಬೇಕು. ಅಲ್ಲಿ ಅದಕ್ಕೆ ಜಸ್ವಂತ ಸಿಂಗ್, ಭಟ್ಟಾಚಾರ್ಜಿ ಎಂಬ ಭಾರತೀಯ ವಿಜ್ಞಾನಿಗಳ ಹೆಸರಿನ ಜೆ.ಎಸ್.ಬಿ. ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿಯಲ್ಲಿ ನೂರು ಕ್ಷೇತ್ರಗಳನ್ನು ಒಂದೊಂದಾಗಿ ನೋಡಬೇಕು. ನುರಿತ ಕಣ್ಣಿಗೆ ಮಾತ್ರ ಸಾಧ್ಯವಾದ ಕಾಯಕವಿದು. ಅಲ್ಲಿ ಪಟ್ಟಿಗಳ ರಾಶಿ. ಇಲ್ಲಿ ಫಲಿತಾಂಶದ ನಿರೀಕ್ಷೆ. ಉತ್ತರವು ಹಳ್ಳಿಗೆ ಮರಳಿ ಬರುವಷ್ಟರಲ್ಲಿ ದಿನಗಳು, ಕೆಲವೊಮ್ಮೆ ವಾರಗಳು ಕಳೆಯುತ್ತಿದ್ದವು.

ಈ ವಿಳಂಬದಿಂದ ಮೂರು ಕೇಡುಗಳಾದವು. ಮೊದಲನೆಯದು ರೋಗಿಗೆ. ಮಲೇರಿಯಾ ತರುವ ಪರೋಪಜೀವಿಗಳಲ್ಲಿ ನಮ್ಮ ದೇಶದಲ್ಲಿ ಪ್ರಧಾನವಾದುವು ಎರಡು: ವೈವಾಕ್ಸ್ ಮತ್ತು ಫಾಲ್ಸಿಪಾರಮ್. ಎರಡನೆಯದು ಕ್ರೂರವಾದದ್ದು, ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲಿಯೇ ಮಿದುಳಿಗೂ ಮೂತ್ರಪಿಂಡಕ್ಕೂ ಏರಬಲ್ಲದು. ಎರಡನೆಯ ಕೇಡು ನೆರೆಹೊರೆಗೆ. ಚಿಕಿತ್ಸೆಯಿಲ್ಲದ ರೋಗಿಯನ್ನು ಕಚ್ಚಿದ ಸೊಳ್ಳೆಯು ಓಣಿಗೆಲ್ಲ ರೋಗವನ್ನು ಹಂಚುತ್ತದೆ. ಮೂರನೆಯದು ಔಷಧಕ್ಕೇ ಆದ ಕೇಡು. ಜ್ವರ ಬಂದವರೆಲ್ಲರಿಗೂ ಊಹೆಯ ಮೇಲೆ ಒಂದೇ ಗುಳಿಗೆ ಕೊಡುತ್ತ ಹೋದರೆ ಪರೋಪಜೀವಿಯು ಅದನ್ನು ಸಹಿಸಲು ಕಲಿಯುತ್ತದೆ. ಕ್ಲೋರೋಕ್ವಿನ್‌ಗೆ ಮಣಿಯದ ಫಾಲ್ಸಿಪಾರಮ್ ನಮ್ಮ ದೇಶದಲ್ಲಿ ೧೯೭೩ರಲ್ಲಿ ಅಸ್ಸಾಮಿನಲ್ಲಿ ಮೊದಲು ಕಂಡುಬಂದಿತು.

ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ ಎಂಬ ನಿಯಮವು ಅವಶ್ಯವಾಯಿತು. ಸಂಶಯಿತ ಮಲೇರಿಯಾ ರೋಗಿಗಳೆಲ್ಲರಿಗೂ ಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೦ರಲ್ಲಿ ಶಿಫಾರಸು ಮಾಡಿತು. ಸೂಕ್ಷ್ಮದರ್ಶಕವಿಲ್ಲದ ಹಳ್ಳಿಯಲ್ಲಿ ಇದನ್ನು ಪಾಲಿಸುವುದು ಹೇಗೆ? ಇದಕ್ಕೆ ದೊರೆತ ಉತ್ತರವೇ ಶೀಘ್ರ ಪ್ರತಿಜನಕ ಪರೀಕ್ಷೆ.

ಪಟ್ಟಿಯೊಳಗಿನ ವ್ಯಾಪಾರ

ಶರೀರಕ್ಕೆ ಪರಕೀಯವಾದ ಜೀವಿಯೊಂದು ಒಳಹೊಕ್ಕಾಗ ಅದರ ಕೆಲವು ಅಂಶಗಳನ್ನು ಶರೀರವು ಅನ್ಯವೆಂದು ಗುರುತಿಸಿ ಪ್ರತಿಭಟಿಸುತ್ತದೆ. ಪ್ರತಿಭಟನೆಯನ್ನು ಹುಟ್ಟಿಸುವ ಅಂಶಕ್ಕೆ ಆಂಟಿಜೆನ್ ಎಂದು ಹೆಸರು, ಕನ್ನಡದಲ್ಲಿ ಪ್ರತಿಜನಕ. ಅದನ್ನು ಹಿಡಿಯಲು ಶರೀರವು ನಿರ್ಮಿಸುವ ವಸ್ತುವಿಗೆ ಆಂಟಿಬಾಡಿ, ಎಂದರೆ ಪ್ರತಿಕಾಯ. ಕೀಲಿಗೆ ಅದರದೇ ಕೀಲಿಕೈ ಹೊಂದುವಂತೆ ಒಂದು ಪ್ರತಿಕಾಯವು ತನ್ನ ಪ್ರತಿಜನಕವನ್ನಲ್ಲದೆ ಬೇರೊಂದನ್ನು ಸಾಮಾನ್ಯವಾಗಿ ಹಿಡಿಯದು. ಈ ಪರೀಕ್ಷೆಯ ಸಾರವೆಲ್ಲ ಇಷ್ಟೇ: ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಪ್ರತಿಕಾಯಗಳನ್ನು ಒಂದು ಪಟ್ಟಿಯಲ್ಲಿ ಕೂರಿಸಿ, ರೋಗಿಯ ರಕ್ತದಲ್ಲಿ ಮಲೇರಿಯಾದ ಪ್ರತಿಜನಕ ಉಂಟೋ ಇಲ್ಲವೋ ಎಂದು ನೋಡುವುದು.

ಹುಡುಕುವ ಪ್ರತಿಜನಕಗಳಲ್ಲಿ ಮುಖ್ಯವಾದವು ಎರಡು. ಫಾಲ್ಸಿಪಾರಮ್ ಮಾತ್ರ ಹೇರಳವಾಗಿ ಸ್ರವಿಸುವ ಹೆಚ್.ಆರ್.ಪಿ.-೨ ಎಂಬ ಪ್ರೋಟೀನು ಒಂದು. ಎಲ್ಲ ಮಲೇರಿಯಾ ಪರೋಪಜೀವಿಗಳೂ ಸಕ್ಕರೆಯಿಂದ ಶಕ್ತಿ ಪಡೆಯಲು ಬಳಸುವ ಪಿ.ಎಲ್.ಡಿ.ಎಚ್. ಎಂಬ ಕಿಣ್ವವು ಮತ್ತೊಂದು. ಇದರ ರೂಪವು ಪ್ರಭೇದದಿಂದ ಪ್ರಭೇದಕ್ಕೆ ಸ್ವಲ್ಪ ಭಿನ್ನವಾಗಿರುವುದರಿಂದ ವೈವಾಕ್ಸನ್ನು ಬೇರ್ಪಡಿಸಿ ಗುರುತಿಸಲು ಬರುತ್ತದೆ. ಇಂಥ ಪಟ್ಟಿಗಳು ೧೯೯೦ರ ದಶಕದ ಆರಂಭದಲ್ಲಿ ಬಳಕೆಗೆ ಬಂದವು. ಮೊದಲು ಫಾಲ್ಸಿಪಾರಮ್ ಒಂದನ್ನೇ ತೋರಿಸುತ್ತಿದ್ದವು; ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ೨೦೧೩ರಿಂದ ಎರಡನ್ನೂ ತೋರಿಸುವ ಪಟ್ಟಿಗಳು ಬಂದಿವೆ.

ನೋಡುವುದಕ್ಕೆ ಅದು ಬೆರಳುದ್ದದ ಒಂದು ಚಪ್ಪಟೆಯಾದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಾಗದದಂತಹ ನೈಟ್ರೋಸೆಲ್ಯುಲೋಸ್ ಪಟ್ಟಿಯಿರುತ್ತದೆ. ಬೆರಳಿನಿಂದ ತೆಗೆದ ೫ ಮೈಕ್ರೋಲೀಟರ್ ರಕ್ತವನ್ನು, ಎಂದರೆ ದೊಡ್ಡ ಹನಿಯೊಂದರ ಹತ್ತನೆಯ ಒಂದು ಪಾಲಿನಷ್ಟನ್ನು, ಅದರ ಗುಳಿಯಲ್ಲಿ ಹಾಕಿ, ಬಫರ್ ಎಂಬ ದ್ರಾವಣದ ಕೆಲವು ಹನಿಗಳನ್ನು ಗೊತ್ತಾದ ಸ್ಥಳದಲ್ಲಿ ಬಿಡುತ್ತಾರೆ. ದ್ರಾವಣವು ಕೆಂಪು ರಕ್ತಕಣಗಳನ್ನು ಒಡೆದು ಒಳಗಿನ ಪ್ರತಿಜನಕವನ್ನು ಬಿಡುಗಡೆ ಮಾಡುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಹೀರಿಕೊಳ್ಳುವಂತೆ ಪಟ್ಟಿಯು ಆ ದ್ರವವನ್ನು ಮುಂದಕ್ಕೆ ಹೀರುತ್ತದೆ. ದಾರಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿಕೊಂಡ ಪ್ರತಿಕಾಯಗಳು ಕಾದಿರುತ್ತವೆ. ಪ್ರತಿಜನಕ ಸಿಕ್ಕಿತೆಂದರೆ ಅವು ಅದನ್ನು ಹಿಡಿದುಕೊಂಡು ಸಾಗುತ್ತವೆ. ಇನ್ನೂ ಮುಂದೆ ಒಂದು ಗೆರೆಯುದ್ದಕ್ಕೂ ಬಿಗಿದಿಟ್ಟಿರುವ ಎರಡನೆಯ ಪ್ರತಿಕಾಯಗಳು ಅದೇ ಪ್ರತಿಜನಕದ ಇನ್ನೊಂದು ತುದಿಯನ್ನು ಹಿಡಿದು ನಿಲ್ಲಿಸುತ್ತವೆ. ಹೀಗೆ ನಿಂತ ಚಿನ್ನದ ಕಣಗಳು ಒತ್ತಾಗಿ ಕೂಡಿದಾಗ ಕಣ್ಣಿಗೆ ಕೆನ್ನೇರಳೆ ಗೆರೆಯೊಂದು ಕಾಣಿಸುತ್ತದೆ. ಚಿನ್ನವು ಹಳದಿಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಣವು ಅಷ್ಟು ಸೂಕ್ಷ್ಮವಾದಾಗ ಅದರ ಬಣ್ಣ ಕೆಂಪಿಗೆ ತಿರುಗುತ್ತದೆ.

ಫಲವನ್ನು ಓದುವ ಬಗೆ

ಪಟ್ಟಿಯ ಮೇಲೆ ಮೂರು ಗುರುತುಗಳಿರುತ್ತವೆ: ನಿಯಂತ್ರಣ ಗೆರೆಗೆ ‘ಸಿ’, ಫಾಲ್ಸಿಪಾರಮ್‌ಗೆ ‘ಪಿ.ಎಫ್.’, ವೈವಾಕ್ಸ್‌ಗೆ ‘ಪಿ.ವಿ.’. ನಿಯಂತ್ರಣ ಗೆರೆಯು ಮಲೇರಿಯಾ ಇರಲಿ ಬಿಡಲಿ ಮೂಡಲೇಬೇಕು. ದ್ರವವು ಸರಿಯಾಗಿ ಹರಿದಿದೆ, ಬಣ್ಣದ ಪ್ರತಿಕಾಯಗಳು ಕೆಲಸ ಮಾಡಿವೆ ಎಂಬುದಕ್ಕೆ ಅದೇ ಸಾಕ್ಷಿ. ಅದು ಮೂಡದಿದ್ದರೆ ಉಳಿದ ಗೆರೆಗಳು ಏನನ್ನು ಹೇಳಿದರೂ ಆ ಪರೀಕ್ಷೆ ಅಸಿಂಧು. ಹೊಸ ಪಟ್ಟಿಯಿಂದ ಮತ್ತೆ ಮಾಡಬೇಕು. ನಿಯಂತ್ರಣ ಗೆರೆಯೊಂದೇ ಮೂಡಿದರೆ ಪ್ರತಿಜನಕ ಕಂಡುಬಂದಿಲ್ಲವೆಂದು ಅರ್ಥ. ಜೊತೆಗೆ ಇನ್ನೊಂದು ಗೆರೆ ಮೂಡಿದರೆ ಆ ಪ್ರಭೇದದ ಮಲೇರಿಯಾ ಉಂಟೆಂದು ಅರ್ಥ. ಮೂರೂ ಮೂಡಿದರೆ ಎರಡರ ಮಿಶ್ರ ಸೋಂಕು. ಗೆರೆಯು ಎಷ್ಟೇ ಮಸುಕಾಗಿದ್ದರೂ ಅದು ಗೆರೆಯೇ.

ತಯಾರಕರು ಸೂಚಿಸಿದ ಸಮಯದಲ್ಲಿ, ಸಾಮಾನ್ಯವಾಗಿ ೧೫ರಿಂದ ೨೦ ನಿಮಿಷಗಳಲ್ಲಿ, ಫಲವನ್ನು ಓದಬೇಕು. ಅವಸರಪಟ್ಟು ಮೊದಲೇ ಓದಿದರೆ ಇದ್ದುದು ಕಾಣದಿರಬಹುದು. ಮರೆತು ಗಂಟೆಯ ಮೇಲೆ ಓದಿದರೆ ಇಲ್ಲದ್ದು ಕಾಣಬಹುದು. ತೇವವು ಪಟ್ಟಿಯ ಶತ್ರು. ಮೊಹರು ಮಾಡಿದ ಪೊಟ್ಟಣವನ್ನು ಪರೀಕ್ಷೆಯ ಗಳಿಗೆಯಲ್ಲಿಯೇ ಒಡೆಯಬೇಕು. ಅವಧಿ ಮುಗಿದ ಪಟ್ಟಿಯನ್ನು ಬಳಸಬಾರದು. ಅತಿಯಾದ ಬಿಸಿಲಿನಲ್ಲಿ ಇಡಬಾರದು.

ಎಲ್ಲಿ ಎಚ್ಚರ ಬೇಕು

ಈ ಪರೀಕ್ಷೆಯು ಸರ್ವಜ್ಞವಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ೨೦೦ ಪರೋಪಜೀವಿಗಳಿದ್ದರೆ ಒಳ್ಳೆಯ ಪಟ್ಟಿಯು ಅವನ್ನು ನಂಬಿಕೆಯಿಂದ ಹಿಡಿಯುತ್ತದೆ. ಅಷ್ಟು ರಕ್ತದಲ್ಲಿ ಸುಮಾರು ೫೦ ಲಕ್ಷ ಕೆಂಪುಕಣಗಳಿರುವುದರಿಂದ, ೨೫,೦೦೦ ಕಣಗಳಲ್ಲಿ ಒಂದು ಕೆಟ್ಟಿದ್ದರೂ ಪತ್ತೆಯಾಯಿತೆಂದಾಯಿತು. ಆದರೆ ಅದಕ್ಕಿಂತಲೂ ವಿರಳವಾದ ಸೋಂಕು ತಪ್ಪಿಸಿಕೊಳ್ಳಬಹುದು. ನುರಿತವರ ಸೂಕ್ಷ್ಮದರ್ಶಕವು ಅದನ್ನೂ ಕೆಲವೊಮ್ಮೆ ಕಾಣುತ್ತದೆ. ಪರೋಪಜೀವಿಗಳನ್ನು ಎಣಿಸಿಯೂ ಹೇಳುತ್ತದೆ. ಪಟ್ಟಿಗೆ ಎಣಿಕೆ ಬಾರದು. ಆದುದರಿಂದ ಗಾಜುಪಟ್ಟಿಯನ್ನು ತಿಪ್ಪೆಗೆಸೆಯುವ ಕಾಲವಿನ್ನೂ ಬಂದಿಲ್ಲ.

ಎರಡನೆಯದಾಗಿ, ಹೆಚ್.ಆರ್.ಪಿ.-೨ ಪ್ರೋಟೀನು ಪರೋಪಜೀವಿಗಳು ಸತ್ತ ಮೇಲೆಯೂ ವಾರಗಟ್ಟಲೆ ರಕ್ತದಲ್ಲಿ ಉಳಿದಿರುತ್ತದೆ. ಬೆಂಕಿ ನಂದಿದ ಮೇಲೂ ಹೊಗೆ ಉಳಿಯುವಂತೆ. ಗುಣವಾದವನಿಗೂ ಗೆರೆ ಮೂಡುವುದರಿಂದ, ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಈ ಗೆರೆಯನ್ನು ನಂಬಬಾರದು. ಮೂರನೆಯದಾಗಿ, ಕೆಲವು ಫಾಲ್ಸಿಪಾರಮ್ ಪರೋಪಜೀವಿಗಳು ಆ ಪ್ರೋಟೀನನ್ನು ಉತ್ಪಾದಿಸುವ ಜೀನನ್ನೇ ಕಳೆದುಕೊಂಡಿವೆಯೆಂದು ೨೦೧೦ರಲ್ಲಿ ಪೆರು ದೇಶದಿಂದ ವರದಿಯಾಯಿತು. ಆಮೇಲೆ ಆಫ್ರಿಕದ ಎರಿಟ್ರಿಯಾದಲ್ಲಿಯೂ ಕಂಡುಬಂದಿತು. ನಾವು ಕಳ್ಳನನ್ನು ಅವನ ರುಮಾಲಿನಿಂದ ಗುರುತಿಸುತ್ತಿದ್ದೆವು. ಅವನು ರುಮಾಲನ್ನೇ ತೆಗೆದಿಟ್ಟನು. ಆದುದರಿಂದ ಪಟ್ಟಿಯು ಇಲ್ಲವೆಂದರೂ ಜ್ವರವು ಬಿಡದಿದ್ದರೆ ವೈದ್ಯರು ಮತ್ತೆ ಪರೀಕ್ಷಿಸುತ್ತಾರೆ, ರಕ್ತಲೇಪವನ್ನೂ ನೋಡುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ವೈವಾಕ್ಸ್ ಪರೋಪಜೀವಿಯ ಒಂದು ರೂಪವು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತಿದ್ದು ಆಮೇಲೆ ಎಚ್ಚರಗೊಳ್ಳಬಲ್ಲದು. ಆ ನಿದ್ರಿತ ರೂಪವನ್ನು ಈ ಪಟ್ಟಿಯಾಗಲಿ ಗಾಜುಪಟ್ಟಿಯಾಗಲಿ ಕಾಣಲಾರದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಹತ್ತನೆಯ ದಿನ, ಪ್ರಸಾದನಿಲಯದ ಎಂಟನೆಯ ತರಗತಿಯ ಬಾಲಕನೊಬ್ಬನಿಗೆ ಜ್ವರ ಬಂದಿತು. ಪಟ್ಟಣದ ಒಬ್ಬ ವೈದ್ಯರಲ್ಲಿಗೆ ಕರೆದೊಯ್ದೆವು. ಯಾವ ಪರೀಕ್ಷೆಯೂ ಇಲ್ಲದೆ ಚುಚ್ಚುಮದ್ದೂ ಗುಳಿಗೆಯೂ ದೊರೆತವು. ಜ್ವರವು ಒಂದು ದಿನ ಬಿಡುವುದು, ಮರುದಿನ ನಡುಕದೊಡನೆ ಬರುವುದು. ಹೀಗೆ ಐದು ದಿನಗಳು ಕಳೆದವು. ತೃತೀಯಕಜ್ವರದ ಲಕ್ಷಣವನ್ನು ಬಾಯಿಪಾಠ ಹೇಳಬಲ್ಲ ನನಗೆ ಕಣ್ಣೆದುರಿನ ತೃತೀಯಕವು ಹೊಳೆಯಲಿಲ್ಲ. ಆರನೆಯ ದಿನ ಆಶಾ ಕಾರ್ಯಕರ್ತೆಯೊಬ್ಬಳು ನಿಲಯಕ್ಕೆ ಬಂದಳು. ಹುಡುಗನನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಗುರುಗಳ, ಈ ಹುಡುಗ ಸೂಟ್ಯಾಗ ಯಾವೂರಿಗೆ ಹೋಗಿದ್ದ?”

ಅವನ ತಂದೆ ಮಂಗಳೂರಿನಲ್ಲಿ ಕಟ್ಟಡದ ಕೂಲಿ. ಬೇಸಗೆಯ ಸೂಟಿಯನ್ನೆಲ್ಲ ಹುಡುಗನು ಅಲ್ಲಿಯೇ ಕಳೆದಿದ್ದನು. ಮಂಗಳೂರು ೧೯೯೦ರ ದಶಕದಿಂದ ಬಹುಕಾಲ ಕರ್ನಾಟಕದ ಮಲೇರಿಯಾದ ದೊಡ್ಡ ನೆಲೆಯಾಗಿತ್ತು. ಕಟ್ಟಡಗಳಲ್ಲಿ ನಿಂತ ನೀರೇ ಅದಕ್ಕೆ ಮುಖ್ಯ ಕಾರಣ. ಅವಳು ಪೊಟ್ಟಣ ಒಡೆದು ಪರೀಕ್ಷೆ ಮಾಡಿದಳು. ಇಪ್ಪತ್ತು ನಿಮಿಷಗಳಲ್ಲಿ ‘ಪಿ.ವಿ.’ ಎಂಬಲ್ಲಿ ಗೆರೆ ಮೂಡಿತು. ಐದು ದಿನಗಳಲ್ಲಿ ಆಗದ ನಿದಾನವು ಅಷ್ಟರಲ್ಲಿ ಆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರಿಮಾಕ್ವಿನ್ ಎಂದು ವಿಧಿಸಿದರು. ಮೊದಲನೆಯದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಎರಡನೆಯದು ಯಕೃತ್ತಿನಲ್ಲಿ ಮಲಗಿರುವುದನ್ನು.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಹುಡುಗನು ಆಟಕ್ಕಿಳಿದನು. ಐದಾರು ದಿನಗಳಾದ ಮೇಲೆ ಗುಳಿಗೆ ತೆಗೆದುಕೊಳ್ಳುವುದನ್ನು ಬಿಟ್ಟನು. ಗುಣವಾಗಿದ್ದಾನಲ್ಲ ಎಂದು ನಾನೂ ಸುಮ್ಮನಾದೆನು. ದೀಪಾವಳಿಯ ಹೊತ್ತಿಗೆ ಅವನು ಮತ್ತೆ ಕೌದಿಯೊಳಗೆ ನಡುಗುತ್ತಿದ್ದನು. ಈ ಸಲ ಆಶಾ ಕಾರ್ಯಕರ್ತೆಯು ಹದಿನಾಲ್ಕು ದಿನವೂ ತಾನೇ ಬಂದು, ತನ್ನೆದುರಿಗೆ ಗುಳಿಗೆ ನುಂಗಿಸಿ ಹೋದಳು. ನನ್ನನ್ನು ಅವಳು ಒಂದು ಮಾತೂ ಆಡಲಿಲ್ಲ. ಗೋಡೆಗೆ ಕೆಮ್ಮಣ್ಣು ಸಾರಿಸುತ್ತಿದ್ದ ಅಜ್ಜಿಯ ನೆನಪು ನನಗೆ ಆಗ ಬಂದಿತು. ಅವಳು ಅರಿಯದೆ ಅಳಿಸಿದಳು; ನಾನು ಅಲಕ್ಷ್ಯದಿಂದ ಅಳಿಸಿದೆ.

ನಾವು ಮಾಡಬೇಕಾದುದು

ಇಂದು ನಮ್ಮ ಸೀಮೆಯಲ್ಲಿ ಮಲೇರಿಯಾ ವಿರಳವಾಗಿದೆ. ೨೦೩೦ರೊಳಗೆ ದೇಶದಿಂದಲೇ ಅದನ್ನು ತೊಲಗಿಸುವುದು ಸರಕಾರದ ಗುರಿ. ಆದರೆ ವಿರಳವಾದ ರೋಗವನ್ನು ಮರೆಯುವುದು ಸುಲಭ. ಮರೆತ ರೋಗದ ನಿದಾನವೇ ತಡವಾಗುವುದು. ಜ್ವರಗಳಾದರೋ ಇಲ್ಲಿ ಹಲವು. ಡೆಂಗಿ, ವಿಷಮಶೀತಜ್ವರ, ಇಲಿಜ್ವರಗಳಲ್ಲದೆ, ೧೯೫೭ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ಹೊತ್ತು ಬಂದ ಮಂಗನ ಕಾಯಿಲೆಯೂ ಉಂಟು. ಮೊದಲ ದಿನ ಇವೆಲ್ಲದರ ಮುಖವೂ ಒಂದೇ. ನಮ್ಮ ಊರುಗಳಿಂದ ಮಂಗಳೂರಿಗೂ ಗೋವೆಗೂ ದುಡಿಯಲು ಹೋಗುವವರು ಬಹಳ. ಹಬ್ಬಕ್ಕೆ ಮರಳುವಾಗ ಅವರ ಜೊತೆಗೆ ಜ್ವರವೂ ಬರಬಹುದು. ಬಂದ ಜ್ವರಕ್ಕೆ ಒಡನೆ ಹೆಸರು ದೊರೆಯದಿದ್ದರೆ ನಮ್ಮ ಹಳ್ಳದ ಸೊಳ್ಳೆಗಳು ಅದನ್ನು ಇಲ್ಲಿಯದನ್ನಾಗಿ ಮಾಡಿಕೊಳ್ಳುತ್ತವೆ.

ಆದುದರಿಂದ ವಿದ್ಯಾರ್ಥಿಗಳು ಮನೆಯಲ್ಲಿ ಹೇಳಬೇಕಾದ ಮಾತುಗಳು ನಾಲ್ಕು. ಚಳಿಯೊಡನೆ ಜ್ವರ ಬಂದರೆ ಅಂದೇ ಆಶಾ ಕಾರ್ಯಕರ್ತೆಗಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಿಳಿಸಬೇಕು. ಅಲ್ಲಿ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಪರವೂರಿಗೆ ಹೋಗಿಬಂದುದನ್ನು ಕೇಳದಿದ್ದರೂ ಹೇಳಬೇಕು. ಊಹೆಯ ಮೇಲೆ ಗುಳಿಗೆ ನುಂಗಬಾರದು; ಅದರಲ್ಲೂ ಪ್ರಿಮಾಕ್ವಿನ್ನನ್ನು ಗರ್ಭಿಣಿಯರಿಗೂ ಹಸುಗೂಸುಗಳಿಗೂ ಕೊಡತಕ್ಕದ್ದಲ್ಲ, ಜಿ-೬-ಪಿ.ಡಿ. ಎಂಬ ಕಿಣ್ವದ ಕೊರತೆಯುಳ್ಳವರಿಗೆ ಅದು ರಕ್ತಕಣಗಳನ್ನೇ ಒಡೆಯಬಲ್ಲದು; ವೈದ್ಯರ ಅಪ್ಪಣೆಯೇ ಪ್ರಮಾಣ. ಕೊನೆಯದಾಗಿ, ಜ್ವರ ಬಿಟ್ಟರೂ ವಿಧಿಸಿದ ಗುಳಿಗೆಗಳನ್ನು ಕಡೆಯದರವರೆಗೂ ತೆಗೆದುಕೊಳ್ಳಬೇಕು.

ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನು. ರೋಗವನ್ನು ಅರಿಯುವುದೂ ಅವನಿಗೆ ಕಾಯಕವೇ ಆಗಿತ್ತು. ಹೆಗಲಚೀಲದಲ್ಲಿ ನಾಲ್ಕಾರು ಪಟ್ಟಿಗಳನ್ನು ಇಟ್ಟುಕೊಂಡು ಓಣಿಓಣಿ ತಿರುಗುವ ಆ ತಾಯಿಯ ಕಾಯಕವನ್ನು ನಾನು ಅದೇ ಸಾಲಿನಲ್ಲಿ ಎಣಿಸುತ್ತೇನೆ. ಪಟ್ಟಿಯು ಜ್ವರದ ಹೆಸರನ್ನು ಇಪ್ಪತ್ತು ನಿಮಿಷಗಳಲ್ಲಿ ಹೇಳುತ್ತದೆ. ಆಮೇಲಿನ ಹದಿನಾಲ್ಕು ದಿನಗಳು ನಮ್ಮವು. ನಮ್ಮ ಶಾಲೆಯ ಮಕ್ಕಳು ‘ನಿದಾನ’ ‘ನಿಧಾನ’ಗಳ ಭೇದವನ್ನು ಉತ್ತರಪತ್ರಿಕೆಯಲ್ಲಿ ತಪ್ಪಿದರೆ ಒಂದು ಅಂಕ ಹೋದೀತು. ಬಾಳಿನಲ್ಲಿ ಮಾತ್ರ ಅದನ್ನು ತಪ್ಪದಿರಲಿ ಎಂದು ಹಾರೈಸುತ್ತೇನೆ.